ಎಂ.ಜಿ. ಮೋಟಾರಿನ ಗತಿಯೇನು?

(ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಭಾನುವಾರ ಸಭೆ ಮುಗಿದು ಎಲ್ಲರೂ ಚಹ ಕುಡಿಯುತ್ತಿದ್ದಾಗ ನಮ್ಮ ಸದಸ್ಯರೊಬ್ಬರು ಒಂದು ಪ್ರಶ್ನೆ ಕೇಳಿದರು. ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ಗಿರಾಕಿಗಳ ಮೋಟಾರುಗಳನ್ನು ಒಯ್ದು ನಿಲ್ಲಿಸುವ ಕೆಲಸ ಅವರದು. ಮೊನ್ನೆ ಅವರ ಕೈಗೆ ಹೊಸ ತರಹದ ಒಂದು ಬಂಡಿ ಬಂತಂತೆ. ಛಾವಣಿ ಮಡಚಿಕೊಳ್ಳುತ್ತದೆ, ಬಾಗಿಲು ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೇಳುತ್ತದೆ, ಕೂರುವವರು ಇಬ್ಬರೇ. ಬೆಲೆ ೭೦ ಲಕ್ಷ ರೂಪಾಯಿಗೂ ಮೇಲೆ. ಮೂತಿಯ ಮೇಲೆ ಎಂಟು ಮೂಲೆಯ ಬಿಲ್ಲೆ, ಅದರೊಳಗೆ ಎಂ.ಜಿ. ಎಂಬ ಎರಡಕ್ಷರ. “ಅಣ್ಣಾ, ಇದು ಇಂಗ್ಲೆಂಡಿನ ಕಂಪನಿ, ದಿವಾಳಿಯಾಗಿ ಹೋಯಿತು ಎಂದು ನಮ್ಮ ಗ್ಯಾರೇಜಿನ ಮೇಸ್ತ್ರಿ ಹೇಳುತ್ತಿದ್ದರು. ದಿವಾಳಿಯಾದ ಕಂಪನಿಯ ಬಂಡಿ ಎಲ್ಲಿಂದ ಬಂತು?” ಎಂದು ಕೇಳಿದರು.

ಎಂ.ಜಿ. ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಮಹಾತ್ಮಾ ಗಾಂಧಿ ರಸ್ತೆ. ಆದರೂ ಪ್ರಶ್ನೆ ಚೆನ್ನಾಗಿತ್ತು. ಒಂದು ವಾರ ಸಿಕ್ಕಿದ್ದನ್ನೆಲ್ಲ ಓದಿ, ತಿಳಿದವರನ್ನು ಕೇಳಿ ಈ ದಿನ ಬಂದಿದ್ದೇವೆ. ಓದುತ್ತಾ ಹೋದಂತೆ ಇದು ಸಾಹುಕಾರರ ಆಟದ ಬಂಡಿಯ ಕಥೆಯೆಂದು ನಮಗೆ ತೋರಲಿಲ್ಲ. ನಮ್ಮ ಹೋಟೆಲುಗಳ ಕಥೆಯೇ ಬೇರೆ ವೇಷದಲ್ಲಿ ಎದುರಿಗೆ ಬಂದು ನಿಂತ ಹಾಗಾಯಿತು.

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಎಂಬಾತನಿದ್ದ. ಸೈಕಲ್ ದುರಸ್ತಿಯಿಂದ ಆರಂಭಿಸಿ ಮೋಟಾರು ಕಾರಖಾನೆಯ ಧನಿಯಾದವನು. ಬಂಡಿ ಮಾರಲು, ರಿಪೇರಿ ಮಾಡಲು ಅವನದೇ ಒಂದು ಅಂಗಡಿಯಿತ್ತು, ಹೆಸರು ಮಾರಿಸ್ ಗ್ಯಾರೇಜಸ್. ಎಂ.ಜಿ. ಎಂದರೆ ಅದೇ. ಅಂಗಡಿ ನೋಡಿಕೊಳ್ಳಲು ಸೆಸಿಲ್ ಕಿಂಬರ್ ಎಂಬ ಮ್ಯಾನೇಜರನಿದ್ದ. ಅವನು ಧನಿಯ ಸಾದಾ ಮಾರಿಸ್ ಬಂಡಿಯನ್ನೇ ತೆಗೆದುಕೊಂಡು, ತಗ್ಗಿಸಿ, ಹಗುರ ಮಾಡಿ, ಅಂದವಾದ ಒಡಲು ಹೊದಿಸಿ ವೇಗದ ಬಂಡಿಯಾಗಿ ಮಾರಿದ. ೧೯೨೯ರಲ್ಲಿ ಈ ಕೆಲಸಕ್ಕೆಂದು ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಎಂಬ ಸಣ್ಣ ಪಟ್ಟಣದಲ್ಲಿ, ಚರ್ಮದ ಕಾರಖಾನೆಯೊಂದರ ಮಗ್ಗುಲಲ್ಲಿ ಜಾಗ ಮಾಡಿಕೊಂಡರು. ಕಿಂಬರನ ಗತಿಯನ್ನೂ ಹೇಳಿಬಿಡುತ್ತೇವೆ. ಯುದ್ಧದ ಕಾಲದಲ್ಲಿ ಮೇಲಿನವರಿಗೂ ಅವನಿಗೂ ಸರಿಬರಲಿಲ್ಲ, ೧೯೪೧ರಲ್ಲಿ ಕೆಲಸದಿಂದ ತೆಗೆದರು. ೧೯೪೫ರಲ್ಲಿ ಲಂಡನ್ನಿನ ರೈಲು ಅಪಘಾತದಲ್ಲಿ ತೀರಿಕೊಂಡ. ಹೆಸರು ಕಟ್ಟಿದವನಿಗೇ ಹೆಸರಿನ ಮೇಲೆ ಹಕ್ಕಿರಲಿಲ್ಲ.

ಯುದ್ಧ ಮುಗಿದ ಮೇಲೆ ಈ ಪುಟ್ಟ ಬಂಡಿಯ ರುಚಿ ಅಮೆರಿಕದವರಿಗೆ ಹತ್ತಿತು. ೧೯೫೫ರಿಂದ ೧೯೬೨ರವರೆಗೆ ಬಂದ ಎಂ.ಜಿ.ಎ. ಎಂಬ ಬಂಡಿ ಒಂದು ಲಕ್ಷ ದಾಟಿತು. ೧೯೬೨ರಲ್ಲಿ ಹೊರಟ ಎಂ.ಜಿ.ಬಿ. ಐದು ಲಕ್ಷ ದಾಟಿತು, ಬಹುಪಾಲು ಸಮುದ್ರ ದಾಟಿ ಅಮೆರಿಕಕ್ಕೇ ಹೋಯಿತು. ಇಲ್ಲಿ ಟ್ಯಾಕ್ಸಿಯ ತಮ್ಮಂದಿರು ಕೂತಿದ್ದೀರಿ, ನಿಮಗೊಂದು ಮಾತು. ೨೦೧೪ರವರೆಗೂ ಬಂಗಾಲದ ಉತ್ತರಪಾಡಾದಲ್ಲಿ ತಯಾರಾದ ನಮ್ಮ ಅಂಬಾಸಡರ್ ಆ ಮಾರಿಸ್ ಕಂಪನಿಯ ಆಕ್ಸ್‌ಫರ್ಡ್ ಬಂಡಿಯೇ. ಅದರ ಹಳೆಯ ಪೆಟ್ರೋಲು ಎಂಜಿನು ಮತ್ತು ಎಂ.ಜಿ.ಬಿ.ಯ ಎಂಜಿನು ಒಂದೇ ಮನೆತನದವು. ಒಂದು ಮಂತ್ರಿಗಳನ್ನೂ ಕಲ್ಕತ್ತೆಯ ಸವಾರಿಗಳನ್ನೂ ಹೊತ್ತಿತು, ಇನ್ನೊಂದು ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಗಾಳಿ ತಿಂದಿತು.

ಇಷ್ಟು ಮಾರಾಟವಾದ ಬಂಡಿಗೆ ಕಷ್ಟ ಏಕೆ ಬಂತು? ಕಷ್ಟ ಬಂಡಿಯದಲ್ಲ, ಯಜಮಾನನದು. ಮಾರಿಸ್, ಆಸ್ಟಿನ್, ಟ್ರಯಂಫ್, ರೋವರ್, ಜಾಗ್ವಾರ್ ಎಂದು ಇಂಗ್ಲೆಂಡಿನ ಮೋಟಾರು ಕಂಪನಿಗಳು ಒಂದೊಂದಾಗಿ ಕೂಡಿಕೊಂಡು ೧೯೬೮ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ದೊಡ್ಡ ಮನೆಯಾಯಿತು. ಒಂದೇ ಮನೆ, ಹತ್ತಾರು ಒಲೆ! ಎಂ.ಜಿ.ಯೂ ಟ್ರಯಂಫೂ ಇಬ್ಬರೂ ಆಟದ ಬಂಡಿ ಮಾಡುವವರು. ಒಂದೇ ಧನಿಯ ಎರಡು ಹೋಟೆಲು ಒಂದೇ ಬೀದಿಯಲ್ಲಿ ಎದುರುಬದುರು ನಿಂತು ಅದೇ ಗಿರಾಕಿಯನ್ನು ಕೂಗಿದ ಹಾಗೆ. ಹೊಸ ಬಂಡಿಗೆಂದು ಇದ್ದ ಹಣ ಟ್ರಯಂಫಿನ ಟಿ.ಆರ್.೭ ಎಂಬುದಕ್ಕೆ ಹೋಯಿತು. ಎಂ.ಜಿ.ಬಿ.ಗೆ ಹಳೆಯ ಅಂಗಿಯೇ ಗತಿ. ಅಮೆರಿಕದಲ್ಲಿ ಡಿಕ್ಕಿ ತಡೆಯುವ ಹೊಸ ಕಾಯಿದೆ ಬಂದಾಗ, ೧೯೭೪ರಲ್ಲಿ, ಮುಂದೆ ಹಿಂದೆ ಕಪ್ಪು ರಬ್ಬರಿನ ದಪ್ಪ ತುಟಿ ಅಂಟಿಸಿ ಬಂಡಿಯನ್ನು ಎತ್ತರಿಸಿದರು. ಅಲ್ಲಿಗೆ ಅಂದವೂ ಕೆಟ್ಟಿತು, ಓಟವೂ ಕೆಟ್ಟಿತು.

೧೯೭೫ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಮುಳುಗುವ ಸ್ಥಿತಿಗೆ ಬಂದು ಸರಕಾರ ಅದನ್ನು ಕೈಗೆತ್ತಿಕೊಂಡಿತು. ಮುಂದಿನದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ೧೯೭೯ರ ಸೆಪ್ಟೆಂಬರಿನಲ್ಲಿ ಆಬಿಂಗ್ಡನ್ ಪಟ್ಟಣದಲ್ಲಿ ಹಬ್ಬ. ಎಂ.ಜಿ. ಕಾರಖಾನೆ ಆ ಊರಿಗೆ ಬಂದು ೫೦ ವರ್ಷ ತುಂಬಿತೆಂದು ಬೀದಿಯಲ್ಲಿ ಹಳೆಯ ಹೊಸ ಬಂಡಿಗಳ ಮೆರವಣಿಗೆ, ಊರಿಗೆ ಊರೇ ಸಂಭ್ರಮ. ಹಬ್ಬ ಮುಗಿಯಿತು. ಸೆಪ್ಟೆಂಬರ್ ೧೦ನೆಯ ತಾರೀಖು ಸೋಮವಾರ ಸುದ್ದಿ ಬಂತು: ಆಬಿಂಗ್ಡನ್ ಕಾರಖಾನೆ ಮುಚ್ಚುತ್ತೇವೆ. ಅಮೆರಿಕದಲ್ಲಿ ಮಾರುವ ಒಂದೊಂದು ಬಂಡಿಯ ಮೇಲೂ ೯೦೦ ಪೌಂಡು ನಷ್ಟ ಎಂದು ಕಂಪನಿ ಲೆಕ್ಕ ತೋರಿಸಿತು. ಆಗ ಪೌಂಡಿನ ಬೆಲೆ ಡಾಲರಿನೆದುರು ಏರಿತ್ತು, ಅದು ನಿಜ. ಆದರೆ ಲೆಕ್ಕದ ಪುಸ್ತಕ ಯಾರ ಮೇಜಿನ ಮೇಲಿರುತ್ತದೋ ನಷ್ಟವನ್ನು ಯಾವ ಬಂಡಿಯ ತಲೆಗೆ ಕಟ್ಟಬೇಕೆಂಬುದು ಅವರ ಇಚ್ಛೆ. ಗಲ್ಲೆಯ ಮೇಲೆ ಕೂತವರು ದೋಸೆಯಲ್ಲಿ ಲಾಭ, ಇಡ್ಲಿಯಲ್ಲಿ ನಷ್ಟ ಎಂದರೆ ಒಲೆಯ ಮುಂದೆ ನಿಂತ ಭಟ್ಟರು ಇಲ್ಲವೆನ್ನುವುದು ಹೇಗೆ?

ಒಂದು ವಿಷಯ ನಮ್ಮ ಮನಸ್ಸನ್ನು ಚುಚ್ಚಿತು. ಕೆಲಸಗಾರರು ಮುಷ್ಕರ ಮಾಡಿ ಮಾಡಿಯೇ ಇಂಗ್ಲೆಂಡಿನ ಮೋಟಾರು ಉದ್ಯಮ ಹಾಳಾಯಿತೆಂದು ಬಹಳ ಮಂದಿ ಬರೆದಿದ್ದಾರೆ. ಲಿವರ್‌ಪೂಲಿನ ಸ್ಪೀಕ್ ಎಂಬಲ್ಲಿ ಟಿ.ಆರ್.೭ ಕಟ್ಟುತ್ತಿದ್ದ ಕಾರಖಾನೆಯಲ್ಲಿ ಜಗಳ ಬಹಳವಿತ್ತು, ೧೯೭೮ರಲ್ಲಿ ಮುಚ್ಚಿದರು, ಸರಿ. ಆದರೆ ಆಬಿಂಗ್ಡನ್ ಜಗಳ ಕಡಿಮೆಯಿದ್ದ ಕಾರಖಾನೆ ಎಂದೇ ಹೆಸರಾದದ್ದು. ತಂದೆಯ ನಂತರ ಮಗ ಅಲ್ಲಿಯೇ ಕೆಲಸಕ್ಕೆ ಸೇರುತ್ತಿದ್ದ. ಅದನ್ನೂ ಮುಚ್ಚಿದರು. ತಲೆ ತಗ್ಗಿಸಿದರೆ ಅನ್ನ ಉಳಿಯುತ್ತದೆ ಎಂದು ನಮ್ಮ ಹುಡುಗರಿಗೆ ಊರಿನಿಂದ ಬರುವಾಗಲೇ ಹಿರಿಯರು ಬುದ್ಧಿ ಹೇಳಿ ಕಳಿಸುತ್ತಾರೆ. ಆಬಿಂಗ್ಡನ್ನಿನ ಸಾವಿರಕ್ಕೂ ಮಿಕ್ಕಿದ ಕೆಲಸಗಾರರು ತಲೆ ತಗ್ಗಿಸಿಯೇ ಇದ್ದರು.

ಆ ವೇಳೆಗೆ ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ, “ಎಂ.ಜಿ.ಯ ಗತಿಯೇನು?” ಬಂಡಿಯ ಒಡೆಯರು ಲಂಡನ್ನಿನ ಬೀದಿಗಳಲ್ಲಿ ಎಂ.ಜಿ.ಗಳ ಮೆರವಣಿಗೆ ಹೊರಡಿಸಿ ಅರ್ಜಿ ಒಪ್ಪಿಸಿದರು. ಅಮೆರಿಕದ ವ್ಯಾಪಾರಿಗಳು ದನಿಯೆತ್ತಿದರು. ಆಸ್ಟನ್ ಮಾರ್ಟಿನ್ ಕಂಪನಿಯ ಮುಂದಾಳುತನದಲ್ಲಿ ಕೆಲವರು ಕೊಂಡುಕೊಳ್ಳಲು ಬಂದರು. ಆ ಆಸ್ಟನ್ ಮಾರ್ಟಿನ್ ಕಂಪನಿಯಾದರೂ ಎಂಥದು? ೧೯೭೪ರ ಕೊನೆಗೆ ತಾನೇ ಬಾಗಿಲು ಹಾಕಿ ಮರುವರ್ಷ ಹೇಗೋ ತೆರೆದದ್ದು. ಈಜು ಬಾರದವನ ಕೈ ಹಿಡಿದು ಹೊಳೆ ದಾಟಿದಂತೆ. ತಿಂಗಳುಗಟ್ಟಲೆ ಮಾತು ನಡೆದು ೧೯೮೦ರ ಬೇಸಗೆಯಲ್ಲಿ ಮುರಿದುಬಿತ್ತು, ಹಣ ಕೂಡಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಕೊನೆಯ ಎಂ.ಜಿ.ಬಿ. ಹೊರಬಂತು.

ಬಂಡಿ ಸತ್ತಿತೆಂದು ಎಲ್ಲರೂ ಅತ್ತರು. ಆದರೆ ಎರಡೇ ವರ್ಷದಲ್ಲಿ, ೧೯೮೨ರಲ್ಲಿ, ಅದೇ ಎಂಟು ಮೂಲೆಯ ಬಿಲ್ಲೆ ಮೆಟ್ರೊ ಎಂಬ ಸಂಸಾರದ ಸಣ್ಣ ಬಂಡಿಯ ಮೇಲೆ ಕಾಣಿಸಿಕೊಂಡಿತು. ಆಬಿಂಗ್ಡನ್ನಿನವರ ೫೦ ವರ್ಷದ ಬೆವರಿನಿಂದ ಬಂದ ಹೆಸರನ್ನು ಕಿತ್ತು ಬೇರೆ ಪಾತ್ರೆಗೆ ಅಂಟಿಸಿದರು. ಬಿಲ್ಲೆಗೆ ಬೆಲೆ ಇತ್ತು ನೋಡಿ.

ಈಗ ಎರಡನೆಯ ಸಾವಿಗೆ ಬರೋಣ. ಅದು ಹೆಚ್ಚು ಕಹಿ, ಅದರಲ್ಲಿ ನಮ್ಮಂಥ ಸಂಘದವರ ಪಾಲೂ ಇದೆ.

೧೯೮೮ರಲ್ಲಿ ಸರಕಾರ ಈ ಉದ್ಯಮವನ್ನು ಬ್ರಿಟಿಷ್ ಏರೋಸ್ಪೇಸಿಗೆ ಮಾರಿತು, ಅವರು ೧೯೯೪ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು.ಗೆ ಮಾರಿದರು. ೧೯೯೫ರಲ್ಲಿ ಎಂ.ಜಿ.ಎಫ್. ಎಂಬ ಹೊಸ ಆಟದ ಬಂಡಿ ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಜ್ ಕಾರಖಾನೆಯಿಂದ ಹೊರಟಿತು. ಜನ ಮೆಚ್ಚಿದರು. ಆದರೆ ಮಿಕ್ಕ ರೋವರ್ ಬಂಡಿಗಳಲ್ಲಿ ನಷ್ಟ ತಡೆಯಲಾಗದೆ ೨೦೦೦ದ ಮಾರ್ಚಿಯಲ್ಲಿ ಬಿ.ಎಂ.ಡಬ್ಲ್ಯು. ಕೈಚೆಲ್ಲಿತು. ಮೊದಲು ಬಂದ ಗಿರಾಕಿ ಆಲ್ಕೆಮಿ ಎಂಬ ಬಂಡವಾಳದ ಸಂಸ್ಥೆ. ಅವರು ಬಾಯಿಬಿಟ್ಟೇ ಹೇಳಿದರು: ಎಂ.ಜಿ. ಹೆಸರಿನಲ್ಲಿ ಆಟದ ಬಂಡಿಗಳನ್ನಷ್ಟೇ ಮಾಡುತ್ತೇವೆ, ಅದಕ್ಕೆ ಬೇಕಾದಷ್ಟೇ ಜನ ಸಾಕು. ಎಂದರೆ ಬಂಡಿ ಉಳಿಯುತ್ತದೆ, ಸಾವಿರಾರು ಕೆಲಸಗಾರರು ಮನೆಗೆ. ಬರ್ಮಿಂಗ್‌ಹ್ಯಾಮಿನಲ್ಲಿ ಹತ್ತಾರು ಸಾವಿರ ಮಂದಿ ಬೀದಿಗಿಳಿದರು. ಆಗ ಎದ್ದು ಬಂದವರು ಫೀನಿಕ್ಸ್ ಎಂಬ ಕೂಟದವರು. ಮುಂದಾಳು ಹಿಂದೆ ರೋವರ್ ಕಂಪನಿಯಲ್ಲೇ ಮುಖ್ಯಸ್ಥನಾಗಿದ್ದ ಜಾನ್ ಟವರ್ಸ್. ನಮ್ಮವರು, ಈ ಕಡೆಯವರು, ಬಂಡಿ ಬಲ್ಲವರು, ಇಡೀ ಕಾರಖಾನೆ ನಡೆಸುತ್ತೇವೆ ಎಂದು ಮಾತು ಕೊಟ್ಟವರು. ಸಂಘಗಳು ಇವರ ಬೆನ್ನಿಗೆ ನಿಂತವು. ಮೇ ತಿಂಗಳಲ್ಲಿ ಫೀನಿಕ್ಸಿನವರು ೧೦ ಪೌಂಡು ಕೊಟ್ಟು ಕಂಪನಿಯನ್ನು ಕೊಂಡರು. ಹತ್ತು ಪೌಂಡು, ತಪ್ಪು ಕೇಳಿಸಿಕೊಂಡಿಲ್ಲ ನೀವು. ಮೇಲೆ ಬಿ.ಎಂ.ಡಬ್ಲ್ಯು.ವೇ ೪೦ ಕೋಟಿ ಪೌಂಡಿಗೂ ಮೀರಿದ ಸಾಲವನ್ನು ಉಡಿಗೆ ಹಾಕಿ ಕಳಿಸಿತು. ಕಾರಖಾನೆಯ ಬಾಗಿಲಲ್ಲಿ ಕೆಲಸಗಾರರು ಜಾನ್ ಟವರ್ಸನಿಗೆ ಜಯಕಾರ ಹಾಕಿದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಆ ಸಂಘದವರನ್ನು ದೂರುವುದು ಇಂದು ಸುಲಭ. ನಮ್ಮನ್ನೇ ಕೇಳಿಕೊಳ್ಳೋಣ. ನಾವು ಹದಿನಾರು ಹದಿನೇಳರ ಹುಡುಗರಾಗಿ ಈ ನಗರಕ್ಕೆ ಬಂದು ಮೋರಿಯಲ್ಲಿ ತಟ್ಟೆ ತೊಳೆದು, ಆಮೇಲೆ ಮೇಜು ಒರೆಸಿ, ಆಮೇಲೆ ಸಪ್ಲಾಯರ್ ಆದೆವು. ನಾವಿದ್ದ ಹೋಟೆಲು ಸಾಲಕ್ಕೆ ಸಿಕ್ಕಿತು. ಹಳೆಯ ಧನಿ ಮಾರಲು ಹೊರಟಾಗ ಇಬ್ಬರು ಗಿರಾಕಿಗಳು ಬಂದರು. ಒಬ್ಬ ಪರವೂರಿನವನು, ಅರ್ಧ ಜನ ಸಾಕು, ಉಳಿದವರ ಲೆಕ್ಕ ಈಗಲೇ ಚುಕ್ತಾ ಮಾಡುತ್ತೇನೆ ಎಂದ. ಇನ್ನೊಬ್ಬರು ನಮ್ಮೂರ ಕಡೆಯವರು, ನಮ್ಮ ಭಾಷೆ, ನಮ್ಮ ಜಾತ್ರೆಗೆ ಬರುವವರು. “ಒಬ್ಬರನ್ನೂ ಬಿಡುವುದಿಲ್ಲ, ಮಕ್ಕಳೇ” ಎಂದರು. ನಾವು ಯಾರಿಗೆ ಕೈಮುಗಿದೆವೆಂದು ಹೇಳಬೇಕೇ? ಊರವರಿಗೇ. ಅವರು ಹೂವು ಕಟ್ಟಿಸಿ ಬೋರ್ಡಿಗೆ ಹೊಸ ಬಣ್ಣ ಕೊಡಿಸಿದರು, ಹೆಸರು ಬದಲಿಸಲಿಲ್ಲ. ಹೆಸರಿಗೆ ಗಿರಾಕಿಗಳಿದ್ದರಷ್ಟೆ. ಮೂರು ವರ್ಷ ನಡೆಯಿತು. ಪಗಾರದಲ್ಲಿ ಪ್ರಾವಿಡೆಂಟ್ ಫಂಡಿಗೆಂದು ಹಿಡಿದುಕೊಂಡ ಹಣ ಕಚೇರಿಗೆ ಮುಟ್ಟಿರಲಿಲ್ಲವೆಂಬುದು ಬಾಗಿಲು ಮುಚ್ಚಿದ ದಿನವೇ ನಮಗೆ ತಿಳಿದದ್ದು. ಮೂವತ್ತು ವರ್ಷ ದುಡಿದ ಭಟ್ಟರೊಬ್ಬರು ಟ್ರಂಕು ಹಿಡಿದು ಊರಿನ ಬಸ್ಸು ಹತ್ತಿದರು. ಬೋರ್ಡು ಮಾತ್ರ ಬೇರೊಬ್ಬರಿಗೆ ಮಾರಾಟವಾಯಿತು, ಈಗ ಇನ್ನೊಂದು ಬೀದಿಯಲ್ಲಿ ತೂಗುತ್ತಿದೆ. ಅದರ ಕೆಳಗೆ ಹೋಗುವಾಗ ಕತ್ತೆತ್ತಿ ನೋಡುವ ಮನಸ್ಸು ನಮಗಿಲ್ಲ.

ಆದ್ದರಿಂದ ಲಾಂಗ್‌ಬ್ರಿಜ್‌ನವರನ್ನು ನಾವು ನಗುವುದಿಲ್ಲ. ಅವರ ತಪ್ಪು ಊರವನನ್ನು ನಂಬಿದ್ದಲ್ಲ. ನಂಬಿದ ಮರುದಿನವೇ ಪುಸ್ತಕ ತೋರಿಸು ಎಂದು ಒತ್ತಿ ಕೇಳದೆ ಹೋದದ್ದು. ನಮ್ಮ ತಪ್ಪೂ ಅದೇ.

ಮುಂದಿನ ಐದು ವರ್ಷ ಏನಾಯಿತು? ಎಂ.ಜಿ.ಎಫ್. ತಿದ್ದಿ ೨೦೦೨ರಲ್ಲಿ ಎಂ.ಜಿ. ಟಿ.ಎಫ್. ಮಾಡಿದರು, ಒಳ್ಳೆಯ ಬಂಡಿ, ಮಾರಾಟವೂ ಆಯಿತು. ಆದರೆ ಇಡೀ ಕಾರಖಾನೆಯ ಹೊಟ್ಟೆ ತುಂಬಲು ಬೇಕಾದದ್ದು ಸಂಸಾರಸ್ಥರು ಕೊಳ್ಳುವ ಹೊಸ ಸಾದಾ ಬಂಡಿ. ಅದನ್ನು ತಯಾರಿಸಲು ಹಣವಿರಲಿಲ್ಲ. ಹಣವಿಲ್ಲದ ಹೊತ್ತಿನಲ್ಲೇ ಇಟಲಿಯ ಒಂದು ಸಣ್ಣ ಕಂಪನಿಯನ್ನು ಕೊಂಡು, ಅದರ ಚೌಕಟ್ಟಿನ ಮೇಲೆ ಕಾರ್ಬನ್ ನಾರಿನ ಒಡಲು ಕೂರಿಸಿ, ೬೫,೦೦೦ ಪೌಂಡಿಗೂ ಮೇಲಿನ ಬೆಲೆಯ ಮಹಾವೇಗದ ಬಂಡಿ ಮಾಡಹೊರಟರು. ನೂರು ಬಂಡಿಯೂ ಆಗಲಿಲ್ಲ. ಅಕ್ಕಿ ಸಾಲ ತರುವ ಮನೆಯಲ್ಲಿ ಬೆಳ್ಳಿತಟ್ಟೆ ಮಾಡಿಸಿದ ಹಾಗೆ.

ಸಾದಾ ಬಂಡಿಗೆ ಅವರು ಬಂದದ್ದು ನಮ್ಮ ಪಕ್ಕಕ್ಕೇ, ಪುಣೆಗೆ! ಟಾಟಾದವರ ಇಂಡಿಕಾ ಬಂಡಿಯನ್ನು ಅಲ್ಪಸ್ವಲ್ಪ ಬದಲಿಸಿ ಸಿಟಿ ರೋವರ್ ಎಂಬ ಹೆಸರಿಟ್ಟು ೨೦೦೩ರಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಪುಣೆಯ ಕೆಲಸಗಾರರ ಕೈಯಿಂದ ಹೊರಟ ಬಂಡಿ, ಬಿಲ್ಲೆ ಮಾತ್ರ ರೋವರ್. ಬೆಲೆ ಹೆಚ್ಚಿಟ್ಟರು, ನಿರೀಕ್ಷಿಸಿದಷ್ಟು ಹೋಗಲಿಲ್ಲ. ೨೦೦೫ರಲ್ಲಿ ಲಾಂಗ್‌ಬ್ರಿಜ್ ಮುಚ್ಚಿದಾಗ ಆ ರಫ್ತೂ ನಿಂತಿತು.

ಕೊನೆಯ ಆಸೆ ಚೀನಾ. ಷಾಂಘಾಯಿಯ ಸೈಕ್ ಕಂಪನಿ ಕೂಡಿಕೆಗೆ ಮಾತಾಡುತ್ತಾ, ಅಷ್ಟರಲ್ಲೇ ೬ ಕೋಟಿ ೭೦ ಲಕ್ಷ ಪೌಂಡು ಕೊಟ್ಟು ಮುಖ್ಯ ರೋವರ್ ಬಂಡಿಗಳ ಮತ್ತು ಎಂಜಿನಿನ ನಕಾಶೆಗಳ ಹಕ್ಕನ್ನು ಪಡೆದುಕೊಂಡಿತ್ತು. ಹಿಟ್ಟಿನ ಹದ ಬರೆದ ಚೀಟಿ ಕೈಗೆ ಬಂದ ಮೇಲೆ ಭಟ್ಟರು ಯಾರಿಗೆ ಬೇಕು? ೨೦೦೫ರ ಏಪ್ರಿಲಿನಲ್ಲಿ ಮಾತು ಮುರಿಯಿತು, ಕಂಪನಿ ದಿವಾಳಿ ಅಧಿಕಾರಿಗಳ ಕೈಗೆ ಹೋಯಿತು. ಇನ್ನೊಂದು ವಾರ ಪಗಾರಕ್ಕೆಂದು ಸರಕಾರ ೬೫ ಲಕ್ಷ ಪೌಂಡು ಸಾಲ ಕೊಟ್ಟಿತು. ವಾರ ಮುಗಿಯಿತು. ಲಾಂಗ್‌ಬ್ರಿಜ್ ಒಂದರಲ್ಲೇ ೬,೦೦೦ ಮಂದಿ ಬೀದಿಗೆ ಬಿದ್ದರು. ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ಕಾರಖಾನೆಗಳ ಜನ ಬೇರೆ.

ಸರಕಾರ ನೇಮಿಸಿದ ತನಿಖೆಯ ವರದಿ ೨೦೦೯ರಲ್ಲಿ ಬಂತು. ಫೀನಿಕ್ಸಿನ ನಾಲ್ವರು ಮತ್ತು ಅವರ ಮುಖ್ಯ ಅಧಿಕಾರಿ, ಒಟ್ಟು ಐದು ಜನ, ಆ ಐದು ವರ್ಷಗಳಲ್ಲಿ ಸಂಬಳ ಪಿಂಚಣಿಯೆಂದು ಪಡೆದದ್ದು ಸುಮಾರು ೪ ಕೋಟಿ ೨೦ ಲಕ್ಷ ಪೌಂಡು ಎಂದು ಅದರಲ್ಲಿ ಲೆಕ್ಕವಿದೆ. ಮುಂದೆ ನಾಲ್ವರೂ ಕೆಲವು ವರ್ಷ ಯಾವ ಕಂಪನಿಯ ನಿರ್ದೇಶಕರೂ ಆಗದಂತೆ ನಿರ್ಬಂಧಕ್ಕೆ ಒಪ್ಪಿಕೊಂಡರು. ಕೆಲಸ ಹೋದವರಿಗೆ ಒಂದು ನಿಧಿ ಕೊಡುತ್ತೇವೆಂದು ಅವರು ಮಾತಾಡಿದ್ದರು, ಕೆಲಸಗಾರರ ಕೈಗೆ ಅದರಿಂದ ಏನೂ ಬರಲಿಲ್ಲ. ವರದಿ ಬಂದದ್ದು ನಾಲ್ಕು ವರ್ಷ ತಡವಾಗಿ. ಅದರಲ್ಲಿದ್ದ ಅಂಕಿಗಳು ಕಾರಖಾನೆ ನಡೆಯುತ್ತಿದ್ದಾಗಲೇ ಯಾವುದೋ ಕಪಾಟಿನಲ್ಲಿ ಇದ್ದಂಥವೇ.

ನಮ್ಮ ತಮ್ಮ ಕೇಳಿದ ಪ್ರಶ್ನೆಗೆ ಈಗ ಉತ್ತರ. ೨೦೦೫ರ ಜುಲೈಯಲ್ಲಿ ಚೀನಾದ ನಾಂಜಿಂಗ್ ಕಂಪನಿ ೫ ಕೋಟಿ ಪೌಂಡಿಗೂ ಮೇಲೆ ಕೊಟ್ಟು ಉಳಿದದ್ದನ್ನು ಕೊಂಡಿತು. ಐದು ವರ್ಷದ ಹಿಂದೆ ಇಡೀ ಕಂಪನಿಗೆ ಹತ್ತು ಪೌಂಡು. ಮನುಷ್ಯರನ್ನು ಹೊರಗೆ ಹಾಕಿದ ಮೇಲೆ ಹೆಸರಿಗೂ ಯಂತ್ರಕ್ಕೂ ಐದು ಕೋಟಿ! ಯಂತ್ರಗಳನ್ನು ಬಿಚ್ಚಿ ಹಡಗಿಗೆ ತುಂಬಿದರು. ಆಮೇಲೆ ನಾಂಜಿಂಗಿನವರು ಸೈಕಿನೊಳಗೆ ಸೇರಿಹೋದರು. ಲಾಂಗ್‌ಬ್ರಿಜ್‌ನಲ್ಲಿ ಟಿ.ಎಫ್. ಬಂಡಿಯನ್ನು ೨೦೦೮ರಲ್ಲಿ ಮತ್ತೆ ಕೈಬೆರಳೆಣಿಕೆಯ ಜನರಿಂದ ಜೋಡಿಸತೊಡಗಿ ೨೦೧೧ರಲ್ಲಿ ನಿಲ್ಲಿಸಿದರು. ೨೦೧೬ರಲ್ಲಿ ಅಲ್ಲಿ ಬಂಡಿ ಜೋಡಿಸುವ ಕೆಲಸವೇ ನಿಂತಿತು. ಹನ್ನೆರಡು ವರ್ಷ ಎಂ.ಜಿ. ಹೆಸರಿನಲ್ಲಿ ಆಟದ ಬಂಡಿಯೇ ಇರಲಿಲ್ಲ. ೨೦೨೩ರಲ್ಲಿ ಚೀನಾದಲ್ಲಿ ಸೈಬರ್‌ಸ್ಟರ್ ಎಂಬ ವಿದ್ಯುತ್ತಿನ ಬಂಡಿ ಹೊರಟಿತು, ೨೦೨೫ರಲ್ಲಿ ನಮ್ಮ ದೇಶದಲ್ಲೂ ಮಾರಾಟಕ್ಕೆ ಬಂತು. ನೀನು ಕೀಲಿಕೈ ಹಿಡಿದದ್ದು ಅದರದು, ತಮ್ಮಾ. ಎಂ.ಜಿ. ಹೆಸರಿನ ಬೇರೆ ಬಂಡಿಗಳು ೨೦೧೯ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿವೆ. ಆ ಕಾರಖಾನೆಯೂ ಮೊದಲು ಅಮೆರಿಕದ ಜನರಲ್ ಮೋಟರ್ಸಿನದು, ಅವರು ಬಿಟ್ಟುಹೋದದ್ದು.

ಹೀಗಾಗಿ ಬಂಡಿ ಉಳಿಯಿತು ಎನ್ನುವವರೂ ಸುಳ್ಳಾಡುತ್ತಿಲ್ಲ, ಸತ್ತಿತು ಎನ್ನುವ ಮೇಸ್ತ್ರಿಯೂ ಸುಳ್ಳಾಡುತ್ತಿಲ್ಲ. ಹಳೆಯ ಎಂ.ಜಿ.ಬಿ.ಗಳನ್ನು ಸಾವಿರಾರು ಜನ ಇಂದಿಗೂ ಉಜ್ಜಿ ಒರೆಸಿ ಓಡಿಸುತ್ತಿದ್ದಾರಂತೆ, ಬಿಡಿಭಾಗವೂ ಹೊಸದಾಗಿ ಸಿಗುತ್ತದಂತೆ. ಅಷ್ಟು ಗಟ್ಟಿಯಾಗಿ ಕಟ್ಟಿದವರು ಆಬಿಂಗ್ಡನ್ನಿನವರು, ಅದನ್ನು ಹೇಳದೆ ಕೂತರೆ ತಪ್ಪಾಗುತ್ತದೆ.

ನಮ್ಮ ಸದಸ್ಯರು ದುಡಿಯುವ ಮೂರು ಹೋಟೆಲುಗಳು ಈ ವರ್ಷದೊಳಗೆ ಕೈ ಬದಲಾಗುವ ಸುದ್ದಿಯಿದೆ. ಹೆಸರು ಹೇಳುವುದಿಲ್ಲ, ಅಲ್ಲಿಯವರಿಗೆ ಗೊತ್ತು. ಬೋರ್ಡು ಉಳಿಯುತ್ತದೆ, ಚಿಂತೆ ಬೇಡ. ನೀವು ಮಾತ್ರ ಮುಂದಿನ ಭಾನುವಾರ ಬರುವಾಗ ಪಗಾರದ ಚೀಟಿ, ಪ್ರಾವಿಡೆಂಟ್ ಫಂಡಿನ ನಂಬರು, ಕೆಲಸಕ್ಕೆ ಸೇರಿದ ತಾರೀಖು ತೋರಿಸುವ ಯಾವುದಾದರೊಂದು ಕಾಗದ ತನ್ನಿ. ಕಾಗದವೇ ಇಲ್ಲದವರು ಜೊತೆಗೆ ದುಡಿದ ಇಬ್ಬರನ್ನು ಕರೆತನ್ನಿ. ಫಂಡಿಗೆ ಹಣ ಕಟ್ಟಿದ್ದಾರೋ ಇಲ್ಲವೋ ನೋಡಲು ಬಲ್ಲ ಇಬ್ಬರು ಹುಡುಗರು ಇಲ್ಲಿ ಸಂಜೆ ನಾಲ್ಕರಿಂದಲೇ ಕೂತಿರುತ್ತಾರೆ. ಮಧ್ಯಾಹ್ನದ ಪಾಳಿಯವರು ತಡವಾದರೂ ಬನ್ನಿ, ಎಂಟರವರೆಗೆ ಬಾಗಿಲು ತೆರೆದಿರುತ್ತದೆ.